ಪಿಎಚ್.ಡಿ. ಪ್ರಬಂಧದಲ್ಲಿ ಶಾಸನ, ವಚನ, ಹಳಗನ್ನಡ ಕಾವ್ಯಕ್ಕೆ ಅಡಿಟಿಪ್ಪಣಿ ಬರೆಯುವುದು ಹೇಗೆ?

ಕೆರೆಯ_ಏರಿ

ಎಲ್ಲರಿಗೂ ನಮಸ್ಕಾರ. ಪ್ರಬಂಧದ ವಿಷಯ ಕರ್ನಾಟಕದ ಕೆರೆಗಳು, ಕದಂಬರ ಕಾಲದಿಂದ ವಿಜಯನಗರದವರೆಗೆ. ಆಕರಗಳೆಲ್ಲ ಬೆರಕೆ: ಶಾಸನ, ವಚನ, ಕಾವ್ಯ, ಒಂದೆರಡು ಓಲೆಗರಿ, ಪತ್ರಿಕಾ ಬರಹ, ಕ್ಷೇತ್ರಕಾರ್ಯದ ಸಂದರ್ಶನ. ಮಾರ್ಗದರ್ಶಕರು ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿ ಅನುಸರಿಸಿ ಅಂದಿದ್ದಾರೆ. ಅದರಲ್ಲಿ ಶಾಸನಕ್ಕೆ, ಓಲೆಗರಿಗೆ ಸರಿಹೊಂದುವ ಮಾದರಿ ಕಾಣುತ್ತಿಲ್ಲ. ಈಗ ಅಡಿಟಿಪ್ಪಣಿಗಳು ಹೀಗಿವೆ, ಅಂಕಿಗಳು ಬರೀ ಮಾದರಿಗೆ:

1. ಎ.ಕ. 7, ಪು. 113.
2. ಬಸವಣ್ಣ, ವಚನ 212.
3. ಪಂಪಭಾರತ, ಪು. 45.
4. ಅದೇ.
5. ಪೂರ್ವೋಕ್ತ, ಪು. 88.

ಎಲ್ಲೆಲ್ಲಿ ತಪ್ಪಿದೆ, ಯಾಕೆ ತಪ್ಪು ಅಂತ ತಿಳಿದವರು ಹೇಳಿದರೆ ಉಪಕಾರ.

ಶಿಲಾಲಿಪಿ

ಐದಕ್ಕೆ ಐದೂ ಕೆಲಸಕ್ಕೆ ಬಾರವು. ಮೊದಲನೆಯದನ್ನು ನಾನು ನೋಡುತ್ತೇನೆ, ಉಳಿದದ್ದನ್ನು ಬೇರೆಯವರು ನೋಡಲಿ.

ಎಪಿಗ್ರಾಫಿಯ ಕರ್ನಾಟಿಕ (ಎ.ಕ.) ಎಂಬ ಶಾಸನ ಸಂಪುಟಗಳಿಗೆ ಪುಟಸಂಖ್ಯೆ ಕೊಟ್ಟರೆ ಓದುಗ ಶಾಸನ ತಲುಪುವುದಿಲ್ಲ. ಇವನ್ನು ಮೊದಲು ಸಂಪಾದಿಸಿದ ಬಿ. ಎಲ್. ರೈಸ್ ಅವರ ಸಂಪುಟಗಳಲ್ಲಿ ಪೀಠಿಕೆ, ಇಂಗ್ಲಿಷ್ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ ಎಲ್ಲಕ್ಕೂ ಬೇರೆ ಬೇರೆ ಪುಟ ಎಣಿಕೆ ಇದೆ. ‘ಪು. 113’ ಅಂದರೆ ಒಂದೇ ಸಂಪುಟದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಸಿಗಬಹುದು. ಅಲ್ಲಿ ಶಾಸನದ ವಿಳಾಸ ಅಂದರೆ ಸಂಪುಟ, ತಾಲೂಕು, ಶಾಸನ ಸಂಖ್ಯೆ. ಎಣಿಕೆ ತಾಲೂಕಿನಿಂದ ತಾಲೂಕಿಗೆ ಹೊಸದಾಗಿ ಶುರುವಾಗುವುದರಿಂದ ತಾಲೂಕು ಬಿಟ್ಟರೆ ಸಂಖ್ಯೆಗೆ ಅರ್ಥವೇ ಇಲ್ಲ.

ಎರಡನೆಯ ತೊಡಕು ಇನ್ನೂ ದೊಡ್ಡದು. ಎ.ಕ. ಎರಡು ಸರಣಿಯಾಗಿ ಬಂದಿದೆ. ರೈಸ್ ಅವರದು 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಗಿ ಹನ್ನೆರಡು ಸಂಪುಟಗಳಾದವು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತಂದಿತು. ಎರಡರ ಸಂಪುಟ ಸಂಖ್ಯೆಗಳು ತಾಳೆಯಾಗುವುದಿಲ್ಲ. ಬೇಲೂರು ತಾಲೂಕಿನ ಶಾಸನಗಳು ರೈಸ್ ಸರಣಿಯಲ್ಲಿ 5ನೆಯ ಸಂಪುಟದಲ್ಲಿ, ಹಾಸನ ಜಿಲ್ಲೆಯೊಳಗೆ. ಪರಿಷ್ಕೃತದಲ್ಲಿ ಬೇಲೂರಿಗೇ 9ನೆಯ ಸಂಪುಟ. ರೈಸ್ ಅವರ 9 ಬೆಂಗಳೂರು ಜಿಲ್ಲೆ. ಪರಿಷ್ಕೃತ 5 ಮೈಸೂರು ಜಿಲ್ಲೆಯ ತಾಲೂಕುಗಳದ್ದು. ಶಾಸನ ಸಂಖ್ಯೆಗಳೂ ಬದಲಾಗಿವೆ. ಆದ್ದರಿಂದ ‘ಎ.ಕ.’ ಎಂದಷ್ಟೇ ಬರೆದರೆ ಯಾವ ಎ.ಕ. ಎಂಬ ಪ್ರಶ್ನೆ ಉಳಿಯುತ್ತದೆ. ಪರಿಷ್ಕೃತಕ್ಕೆ ‘ಎ.ಕ. (ಪ)’ ಎಂದು ಗುರುತಿಟ್ಟು, ಸಂಕೇತ ಸೂಚಿಯಲ್ಲಿ ಅದನ್ನು ವಿವರಿಸಿ. ಎರಡು ಸರಣಿಯಲ್ಲೂ ಇರುವ ಶಾಸನಕ್ಕೆ ಎರಡೂ ಸಂಖ್ಯೆ ಕೊಟ್ಟರೆ ಒಳ್ಳೆಯದು. ಆದರೆ ಪಾಠ ಯಾವುದರಿಂದ ಎತ್ತಿದ್ದು ಅನ್ನುವುದು ಸ್ಪಷ್ಟವಾಗಿರಲಿ.

ತಾಲೂಕಿನ ಹೆಸರನ್ನು ಕತ್ತರಿಸಬೇಡಿ. ‘ಶಿ.’ ಅಂದರೆ ಶಿಕಾರಿಪುರವೋ ಶಿವಮೊಗ್ಗವೋ ಶಿಡ್ಲಘಟ್ಟವೋ ಶಿರಾವೋ? ‘ಚ.’ ಅಂದರೆ ಚನ್ನಪಟ್ಟಣ, ಚನ್ನರಾಯಪಟ್ಟಣ, ಚಳ್ಳಕೆರೆ, ಮೂರೂ ಕಾದು ನಿಂತಿವೆ. ಎರಡಕ್ಷರ ಉಳಿಸಲು ಹೋಗಿ ಓದುಗನ ಒಂದು ಗಂಟೆ ಹಾಳಾಗುತ್ತದೆ.

ಇಂದಿನ ಜಿಲ್ಲೆಯನ್ನು ನೋಡಿ ಸಂಪುಟ ಹುಡುಕಲೂ ಬೇಡಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ರೈಸ್ ಅವರಲ್ಲಿ ದಾವಣಗೆರೆ ತಾಲೂಕಿನ ಶಾಸನಗಳು ಚಿತ್ರದುರ್ಗದ 11ನೆಯ ಸಂಪುಟದಲ್ಲಿವೆ.

ನಿಮ್ಮ ವಿಷಯಕ್ಕೆ ತಾಳಗುಂದದ ಸ್ತಂಭಶಾಸನ ಬೇಕೇ ಬೇಕು, ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ಪ್ರಸ್ತಾಪ ಅದರಲ್ಲಿದೆ. ಅದನ್ನು ಹೀಗೆ ಬರೆಯಿರಿ:

ಎ.ಕ. 7 (1902), ಶಿಕಾರಿಪುರ 176, ತಾಳಗುಂದ, ಸಾಲು ಇಷ್ಟರಿಂದ ಇಷ್ಟು.

ಇದೇ ಶಾಸನವನ್ನು ಕೀಲ್‌ಹಾರ್ನ್ ಎಪಿಗ್ರಾಫಿಯ ಇಂಡಿಕದ (ಎ.ಇಂ.) 8ನೆಯ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಯಾರ ಓದನ್ನು ಅನುಸರಿಸಿದ್ದೀರೋ ಅವರದ್ದನ್ನೇ ಮೊದಲು ಹೇಳಿ, ಇನ್ನೊಂದಕ್ಕೆ ‘ಹೋಲಿಸಿ’ ಎಂದು ಸೇರಿಸಿ. ಅನುವಾದ ಮಾತ್ರ ನೋಡಿದ್ದರೆ ‘ಅನುವಾದ ಭಾಗ’ ಎಂದು ಮುಚ್ಚುಮರೆಯಿಲ್ಲದೆ ಬರೆಯಿರಿ. ಇಂಗ್ಲಿಷ್ ಅನುವಾದ ಓದಿ ಮೂಲ ಪಾಠದ ಹೆಸರು ಹಾಕಿದವರು ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಇಲ್ಲೇ.

ಹುಬ್ಬಳ್ಳಿ_ಮಂದಿ

ಶಿಲಾಲಿಪಿ ಸರ್, ಉತ್ತರ ಕರ್ನಾಟಕದ್ದನ್ನ ಬಿಟ್ಟಬಿಟ್ರಲ್ಲ! ಎ.ಕ. ಇರೋದು ಹಳೇ ಮೈಸೂರು, ಕೊಡಗಿಗೆ. ಧಾರವಾಡ, ಬಿಜಾಪುರ, ಬೆಳಗಾವಿ ಕಡೆ ಕೆರೆ ಶಾಸನಕ್ಕ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ನೋಡ್ಬೇಕ್ರಿ. ಮುಂಬೈ ಕರ್ನಾಟಕದ ಶಾಸನಗಳು ಅದರ 11, 15, 18, 20ನೇ ಸಂಪುಟದಾಗ ಅದಾವ. 11ಕ್ಕ ಭಾಗ ಒಂದೋ ಎರಡೋ ಅನ್ನೋದನ್ನೂ ಬರೀರಿ. ಬಳ್ಳಾರಿ ಕಡೀದು 9ರಾಗ ನೋಡ್ರಿ, ಅದು ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟ. ಇಲ್ಲೂ ಪುಟ ಬ್ಯಾಡ, ಶಾಸನ ಸಂಖ್ಯೆ ಮತ್ತ ಊರು ಸಾಕು.

ಶಿಲಾಲಿಪಿ

ಸರಿಯಾಗಿ ಹೇಳಿದಿರಿ. ಇನ್ನೊಂದನ್ನೂ ಸೇರಿಸುತ್ತೇನೆ: ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು. ಹಲ್ಮಿಡಿ ಶಾಸನವನ್ನು ರೈಸ್ ಅವರ ಬೇಲೂರು ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಎಂ. ಎಚ್. ಕೃಷ್ಣ ಅವರು ಅದನ್ನು ಪ್ರಕಟಿಸಿದ್ದು 1936ರ ವರದಿಯಲ್ಲಿ. ಈ ವರದಿಗಳಲ್ಲಿ ವರದಿಯ ವರ್ಷವೇ ಬೇರೆ, ಅಚ್ಚಾದ ವರ್ಷವೇ ಬೇರೆ. ಶೀರ್ಷಿಕೆಯಲ್ಲಿ ವರದಿಯ ವರ್ಷ, ಪ್ರಕಟಣೆಯ ಜಾಗದಲ್ಲಿ ಅಚ್ಚಾದ ವರ್ಷ ಬರಬೇಕು. ಎರಡನ್ನೂ ಒಂದೇ ಮಾಡಿದರೆ ಗ್ರಂಥಾಲಯದವರು ಬೇರೆ ಸಂಪುಟ ತಂದುಕೊಡುತ್ತಾರೆ.

ಮಾಗಡಿ_ರಸ್ತೆ

ಶಕವರ್ಷಕ್ಕೆ 78 ಕೂಡಿಸಿ ಕ್ರಿ.ಶ. ಹಾಕಿದರೆ ಸಾಕಲ್ಲವೇ? ಕೆಲವರು 79 ಅನ್ನುತ್ತಾರೆ.

ಪಂಚಾಂಗದ_ಪುಟ

ಎರಡೂ ಸರಿ, ತಿಂಗಳು ನೋಡಿಕೊಂಡು. ಶಕವರ್ಷ ಚೈತ್ರದಲ್ಲಿ ಶುರುವಾಗುತ್ತದೆ, ಹಾಗಾಗಿ ಒಂದು ಶಕವರ್ಷ ಎರಡು ಕ್ರಿ.ಶ. ವರ್ಷಗಳ ಮೇಲೆ ಚಾಚಿಕೊಳ್ಳುತ್ತದೆ. ಚೈತ್ರದಿಂದ ಡಿಸೆಂಬರ್ ಕೊನೆಯವರೆಗೆ 78, ಜನವರಿಯಿಂದ ಫಾಲ್ಗುಣದ ಕೊನೆಯವರೆಗೆ 79. ಶಾಸನದಲ್ಲಿ ತಿಂಗಳಿಲ್ಲದಿದ್ದರೆ ‘ಕ್ರಿ.ಶ. 1132-33’ ಎಂದು ಜೋಡಿಯಾಗಿ ಬರೆಯಿರಿ, ಒಂದೇ ವರ್ಷ ಹಾಕಬೇಡಿ.

ಉತ್ತರಾಯಣ ಸಂಕ್ರಮಣದ ದತ್ತಿಗಳಲ್ಲಿ ಬಹಳ ಜನ ಎಡವುತ್ತಾರೆ. ಸಂಕ್ರಾಂತಿ ಅಂದರೆ ಜನವರಿ ಅಂದುಕೊಂಡು 79 ಕೂಡಿಸುತ್ತಾರೆ. 12ನೆಯ ಶತಮಾನದಲ್ಲಿ, ಆಗಿನ ಜೂಲಿಯನ್ ಲೆಕ್ಕದಲ್ಲಿ, ಮಕರ ಸಂಕ್ರಮಣ ಬೀಳುತ್ತಿದ್ದದ್ದು ಡಿಸೆಂಬರ್ 24-25ರ ಹೊತ್ತಿಗೆ. ಅಲ್ಲಿ ಕೂಡಿಸಬೇಕಾದ್ದು 78.

ಮುಂದಿನ ತೊಡಕು ಗತವೋ (ಮುಗಿದ ವರ್ಷದ ಎಣಿಕೆ) ವರ್ತಮಾನವೋ (ನಡೆಯುತ್ತಿರುವ ವರ್ಷದ ಎಣಿಕೆ) ಎಂಬುದು. ಮೇಲಿನ ಲೆಕ್ಕ ಗತ ಶಕಕ್ಕೆ. ವರ್ತಮಾನ ಶಕವಾದರೆ ಒಂದು ಕಡಿಮೆ ಮಾಡಬೇಕು. ಶಾಸನ ಇದನ್ನು ಬಾಯಿಬಿಟ್ಟು ಹೇಳದಿದ್ದಾಗ ಸಂವತ್ಸರದ ಹೆಸರಿನಿಂದ ತಾಳೆ ನೋಡಿ: ಗತ ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಶೇಷ ಎಷ್ಟೋ ಪ್ರಭವದಿಂದ ಅಷ್ಟನೆಯ ಸಂವತ್ಸರ. ಸೊನ್ನೆ ಬಂದರೆ ಅಕ್ಷಯ. ಶಕ 1054 ತಗೊಳ್ಳಿ. 1066ನ್ನು 60ರಿಂದ ಭಾಗಿಸಿದರೆ ಶೇಷ 46, ಪರಿಧಾವಿ. ಶಾಸನ ‘ಶಕ 1054 ಪರಿಧಾವಿ’ ಅಂದರೆ ಗತ, ‘1055 ಪರಿಧಾವಿ’ ಅಂದರೆ ವರ್ತಮಾನ. ಎರಡಕ್ಕೂ ಕ್ರಿ.ಶ. 1132-33ಏ. ಇಂದಿನದಕ್ಕೂ ಹಾಕಿ ನೋಡಬಹುದು: 1987ರ ಯುಗಾದಿಗೆ ಶಕ 1909, 12 ಕೂಡಿದರೆ 1921, ಶೇಷ 1, ಪ್ರಭವ.

10ನೆಯ ಶತಮಾನಕ್ಕಿಂತ ಹಿಂದಿನ ಶಾಸನಗಳಿಗೆ ಈ ಸಂವತ್ಸರ ಲೆಕ್ಕವನ್ನು ಕಣ್ಣುಮುಚ್ಚಿ ಹಾಕಬೇಡಿ, ಆಗ ಬಳಕೆಯಲ್ಲಿದ್ದ ಬಾರ್ಹಸ್ಪತ್ಯ (ಗುರುಗ್ರಹದ ಚಲನೆಯ) ಎಣಿಕೆ ಬೇರೆ. ತಿಥಿ, ವಾರ ಎಲ್ಲ ಇದ್ದರೆ ಸ್ವಾಮಿಕಣ್ಣು ಪಿಳ್ಳೆಯವರ 1922ರ ಪಂಚಾಂಗ ಕೋಷ್ಟಕ ನೋಡಿ, ಕ್ರಿ.ಶ. 700ರಿಂದ 1799ರವರೆಗೆ ಅದರಲ್ಲಿದೆ.

ಅಡಿಟಿಪ್ಪಣಿಯಲ್ಲಿ ಶಾಸನ ಕೊಟ್ಟ ಕಾಲವನ್ನು ಇದ್ದಂತೆ ಬರೆದು, ನಿಮ್ಮ ಲೆಕ್ಕವನ್ನು ಚೌಕ ಕಂಸದಲ್ಲಿ ಹಾಕಿ. ಸಂಪಾದಕರು ಕೊಟ್ಟ ಕ್ರಿ.ಶ. ಎತ್ತಿಕೊಂಡಿದ್ದರೆ ಅದು ಅವರ ಲೆಕ್ಕ ಅಂತಲೇ ಹೇಳಿ.

ವಚನ_ಕಟ್ಟು

ಎರಡನೆಯ ಟಿಪ್ಪಣಿಗೆ ಬರೋಣ. ‘ಬಸವಣ್ಣ, ವಚನ 212’. ಯಾರ ಸಂಪಾದನೆಯ 212? ಒಂದೇ ವಚನಕ್ಕೆ ಒಬ್ಬೊಬ್ಬ ಸಂಪಾದಕರಲ್ಲಿ ಒಂದೊಂದು ಸಂಖ್ಯೆ, ಷಟ್‌ಸ್ಥಲ ಕ್ರಮದಲ್ಲಿ ಜೋಡಿಸಿದರೆ ಒಂದು, ಅಕಾರಾದಿಯಲ್ಲಿ ಜೋಡಿಸಿದರೆ ಇನ್ನೊಂದು. ಆವೃತ್ತಿ ಹೇಳದ ವಚನ ಸಂಖ್ಯೆ, ಬೀದಿಯ ಹೆಸರಿಲ್ಲದ ಮನೆ ನಂಬರು.

ಕರ್ನಾಟಕ ಸರ್ಕಾರ ಪ್ರಕಟಿಸಿದ, ಎಂ. ಎಂ. ಕಲಬುರ್ಗಿ ಅವರು ಪ್ರಧಾನ ಸಂಪಾದಕರಾಗಿದ್ದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟವನ್ನೇ ಪ್ರಬಂಧದುದ್ದಕ್ಕೂ ಹಿಡಿದುಕೊಳ್ಳುವುದು ಸುಲಭದ ದಾರಿ. ಮೊದಲು ಬಂದದ್ದು 1993ರಲ್ಲಿ, ಮರುಮುದ್ರಣಗಳೂ ಇವೆ. ಕೈಯಲ್ಲಿರುವುದು ಯಾವುದೋ ಅದರ ವರ್ಷ ಹಾಕಿ. ಮೊದಲ ಸಲ ಪೂರ್ತಿ ವಿವರ, ಆಮೇಲೆ ‘ಸ.ವ.ಸಂ. 1, ವಚನ ಸಂಖ್ಯೆ ಇಷ್ಟು’. ಐದನೆಯದು ಶಿವಶರಣೆಯರ ಸಂಪುಟ, ಅದರಲ್ಲಿ ಹಲವರ ವಚನಗಳಿವೆ. ಅಲ್ಲಿ ವಚನಕಾರ್ತಿಯ ಹೆಸರು ಬಿಟ್ಟರೆ ಸಂಪುಟ, ಸಂಖ್ಯೆ ಎರಡೂ ಇದ್ದು ಹೇಳಿಕೆ ಅರ್ಧವೇ.

ಮೊಬೈಲಲ್ಲಿ ಹರಿದಾಡುವ ವಚನಗಳನ್ನು ನಂಬಿ ಉದ್ಧರಿಸಬೇಡಿ. ಅಂಕಿತ ಇದೆ ಅಂದಮಾತ್ರಕ್ಕೆ ವಚನ ಅವರದ್ದಾಗುವುದಿಲ್ಲ. ಸಂಪುಟದಲ್ಲಿ ಸಿಕ್ಕರೆ ಸಂಪುಟದ ಪಾಠ ಹಾಕಿ, ಸಿಗದಿದ್ದರೆ ಕೈಬಿಡಿ.

ಕಾವ್ಯಕ್ಕೆ ಬಂದರೆ ಪುಟ ಹಾಕುವುದೇ ತಪ್ಪು ಪದ್ಧತಿ. ಪಂಪನಿಗೆ ಆಶ್ವಾಸ (ಅಧ್ಯಾಯ) ಮತ್ತು ಪದ್ಯ, ಪಂಪಭಾರತ ಅಂದರೆ ವಿಕ್ರಮಾರ್ಜುನ ವಿಜಯದ ಹದಿನಾಲ್ಕು ಆಶ್ವಾಸಗಳಲ್ಲಿ ಯಾವುದು ಅನ್ನುವುದು ಮೊದಲು. ಗದ್ಯ ಪದ್ಯ ಬೆರೆತ ಚಂಪೂವಿನ ಗದ್ಯ ಭಾಗವಾದರೆ ಅದರ ಹಿಂದಿನ ಪದ್ಯದ ಸಂಖ್ಯೆ ಬರೆದು ಪಕ್ಕದಲ್ಲಿ ‘ವ.’ (ವಚನ, ಇಲ್ಲಿ ಗದ್ಯ ಎಂದರ್ಥ) ಸೇರಿಸಿ. ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ ಮೂರೂ ಬೇಕು. ಕವಿರಾಜಮಾರ್ಗಕ್ಕೆ ಪರಿಚ್ಛೇದ ಮತ್ತು ಪದ್ಯ, ಶಬ್ದಮಣಿದರ್ಪಣಕ್ಕೆ ಸೂತ್ರ. ಹೀಗೆ ಬರೆದರೆ ಓದುಗನ ಕೈಯಲ್ಲಿ ಬೇರೆ ಆವೃತ್ತಿ ಇದ್ದರೂ ಜಾಗ ಹೆಚ್ಚುಕಡಿಮೆ ಸಿಗುತ್ತದೆ. ಆದರೂ ಆವೃತ್ತಿಯನ್ನು ಗ್ರಂಥಋಣದಲ್ಲಿ (ಕೊನೆಯ ಆಕರಗ್ರಂಥಗಳ ಪಟ್ಟಿಯಲ್ಲಿ) ಹೇಳಲೇಬೇಕು, ಒಂದೆರಡು ಪದ್ಯ ಹೆಚ್ಚುಕಡಿಮೆಯಾಗಿ ಸಂಖ್ಯೆ ಜಾರಿರುವ ಆವೃತ್ತಿಗಳಿವೆ.

ಉದ್ಧರಿಸುವಾಗ ೞ, ಱ ಇದ್ದರೆ ಹಾಗೇ ಉಳಿಸಿ. ಎರಡೂ ಯೂನಿಕೋಡ್‌ನಲ್ಲಿವೆ, ಸಿಗಲಿಲ್ಲ ಅನ್ನುವ ನೆಪ ನಡೆಯುವುದಿಲ್ಲ. ಶಾಸನಪಾಠದಲ್ಲಿ ಸಂಪಾದಕರು ಹಾಕಿದ ಚುಕ್ಕಿ, ಚೌಕ ಕಂಸಗಳನ್ನೂ ಅಳಿಸಬೇಡಿ. ಚುಕ್ಕಿ ಇರುವಲ್ಲಿ ಕಲ್ಲು ಸವೆದಿದೆ, ಕಂಸದಲ್ಲಿರುವುದು ಸಂಪಾದಕರ ಊಹೆ. ಅವನ್ನು ತೆಗೆದರೆ ಊಹೆಯನ್ನು ಶಾಸನದ ಬಾಯಲ್ಲಿ ಇಟ್ಟಂತೆ.

ಗ್ರಂಥಾಲಯದ_ಮೂಲೆ

ಗ್ರಂಥಋಣ ಬರೆಯುವ ಮೊದಲು ಶೀರ್ಷಿಕೆ ಪುಟದ ಹಿಂಬದಿ ನೋಡಿ. ಮುಖಪುಟ ನೋಡಿ ಬರೆಯುವುದೇ ಅರ್ಧ ತಪ್ಪುಗಳ ಮೂಲ.

ಆವೃತ್ತಿ ಬೇರೆ, ಮುದ್ರಣ ಬೇರೆ. ಪಠ್ಯ ತಿದ್ದಿ, ಸೇರಿಸಿ ತಂದದ್ದು ಹೊಸ ಆವೃತ್ತಿ. ಇದ್ದದ್ದನ್ನೇ ಮತ್ತೆ ಅಚ್ಚು ಹಾಕಿದ್ದು ಮರುಮುದ್ರಣ. ನಮ್ಮ ಪ್ರಕಾಶಕರು ಎರಡಕ್ಕೂ ಒಂದೇ ಮಾತು ಬಳಸುವುದುಂಟು, ಆಗ ಮುನ್ನುಡಿಯಲ್ಲಿ ‘ಪರಿಷ್ಕರಿಸಿದೆ’ ಎಂದಿದೆಯೇ ಅಂತ ಹುಡುಕಬೇಕು. ಮೊಳೆ ಜೋಡಿಸಿ ಅಚ್ಚಾದ ಪುಸ್ತಕವನ್ನು ಆಮೇಲೆ ಡಿಟಿಪಿ ಮಾಡಿಸಿ ತಂದರೆ ಪಠ್ಯ ಅದೇ, ಪುಟಗಳು ಬೇರೆ. ಆದ್ದರಿಂದ ಮೊದಲ ಮುದ್ರಣದ ವರ್ಷ ಮತ್ತು ನೀವು ನೋಡಿದ ಮುದ್ರಣದ ವರ್ಷ ಎರಡನ್ನೂ ಬರೆಯಿರಿ. ಪುಟಸಂಖ್ಯೆ ಹೊಂದುವುದು ಎರಡನೆಯದಕ್ಕೆ.

ಮುದ್ರಕರ ಹೆಸರನ್ನು ಪ್ರಕಾಶಕರ ಜಾಗದಲ್ಲಿ ಹಾಕಬೇಡಿ. ಹಳೆಯ ಪುಸ್ತಕಗಳಲ್ಲಿ ಪ್ರೆಸ್ಸಿನ ಹೆಸರು ದಪ್ಪಕ್ಷರದಲ್ಲಿ ಕೂತು ಮೋಸ ಮಾಡುತ್ತದೆ.

ಇನ್ನು ‘ಸಂ.’ ಎಂಬ ಪಿಡುಗು. ಸಂಪಾದಕ, ಸಂಪುಟ, ಸಂಚಿಕೆ, ಸಂಖ್ಯೆ, ನಾಲ್ಕಕ್ಕೂ ಇದೇ. ‘ಸಂ. 3, ಸಂ. 2’ ಅಂತ ಬರೆದ ಗ್ರಂಥಋಣಗಳಿಗೆ ಬರವಿಲ್ಲ. ‘ಸಂ.’ ಅನ್ನು ಸಂಪಾದಕರಿಗೆ ಮೀಸಲಿಟ್ಟು, ಸಂಪುಟ, ಸಂಚಿಕೆ ಎರಡನ್ನೂ ಪೂರ್ತಿ ಬರೆಯಿರಿ.

ಪ್ರಕಾಶನದ ಊರಿನ ವಿಷಯ: ಎಂಎಲ್‌ಎ 9ನೆಯ ಆವೃತ್ತಿ (2021), ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯ 7ನೆಯ ಆವೃತ್ತಿ ಎರಡೂ ಸಾಮಾನ್ಯ ಪುಸ್ತಕಕ್ಕೆ ಊರು ಕೇಳುವುದಿಲ್ಲ. ಶಿಕಾಗೋ ಶೈಲಿ ಕೈಪಿಡಿ ಕೂಡ 2024ರ 18ನೆಯ ಆವೃತ್ತಿಯಲ್ಲಿ 1900ರ ನಂತರದ ಪುಸ್ತಕಗಳಿಗೆ ಅದನ್ನು ಕೈಬಿಟ್ಟಿದೆ. ಕನ್ನಡದ ಮಟ್ಟಿಗೆ ಊರು ಇರಲಿ ಅನ್ನುವುದು ನನ್ನ ಅಭಿಪ್ರಾಯ, ಒಂದೇ ಬಗೆಯ ಹೆಸರಿನ ಪ್ರಕಾಶನಗಳು ಬೇರೆ ಬೇರೆ ಊರಿನಲ್ಲಿವೆ. ವಿಭಾಗದ ನಿಯಮ ಬೇರೆಯಿದ್ದರೆ ಅದೇ ನಡೆಯಲಿ.

ಮಾಗಡಿ_ರಸ್ತೆ

ಹೆಸರಿನ ಕ್ರಮ? ‘ಎಂ. ಚಿದಾನಂದಮೂರ್ತಿ’ಯೋ ‘ಚಿದಾನಂದಮೂರ್ತಿ ಎಂ.’ಯೋ?

ಗ್ರಂಥಾಲಯದ_ಮೂಲೆ

ಅಡಿಟಿಪ್ಪಣಿಯಲ್ಲಿ ಮೊದಲನೆಯದು, ಗ್ರಂಥಋಣದಲ್ಲಿ ಎರಡನೆಯದು. ಗ್ರಂಥಋಣ ಅಕಾರಾದಿ ಇರುವುದರಿಂದ ಇನಿಷಿಯಲ್ಲು ಹಿಂದಕ್ಕೆ ಹೋಗಬೇಕು. ಇಲ್ಲದಿದ್ದರೆ ವರ್ಡ್‌ನಲ್ಲಿ ವಿಂಗಡಿಸಿದಾಗ ‘ಎಂ.’, ‘ಎಸ್.’, ‘ಕೆ.’ ಎಂದು ಅರ್ಧ ಕರ್ನಾಟಕ ಮೂರೇ ಅಕ್ಷರದಡಿ ಗುಂಪುಗೂಡುತ್ತದೆ.

ಹುಬ್ಬಳ್ಳಿ_ಮಂದಿ

ನಮ್ಮ ಕಡೆ ಅಡ್ಡಹೆಸರು ಇರ್ತದ, ಕಲಬುರ್ಗಿ ಎಂ. ಎಂ., ಮುಗಳಿ ರಂ. ಶ್ರೀ. ಅಂತ ಹಾಕಿದ್ರ ಸುಸೂತ್ರ. ಮೈಸೂರು ಕಡೀ ಹೆಸರಿಗೆ ಅಡ್ಡಹೆಸರೇ ಇಲ್ಲ, ಅಲ್ಲಿ ಸ್ವಂತ ಹೆಸರೇ ಮುಂದ ಬರ್ಬೇಕು. ಇಂಗ್ಲಿಷ್ ಸಾಫ್ಟ್‌ವೇರ್ ಕೊನೇ ಪದಾನೇ ಮನೆತನದ ಹೆಸರು ಅಂತ ತಿಳೀತದ, ಅದಕ್ಕ ಯು. ಆರ್. ಅನಂತಮೂರ್ತಿಯವರ ಹೆಸರು ಒಂದ್ ಕಡೆ ‘ಅನಂತಮೂರ್ತಿ’, ಇನ್ನೊಂದ್ ಕಡೆ ‘ಮೂರ್ತಿ’ ಅಡಿಯೊಳಗ ಸಿಗ್ತದ.

ಝೊಟೆರೊ_ಬಳಗ

ಆಕರಪಟ್ಟಿ ಜೋಡಿಸುವ ಝೊಟೆರೊ ತಂತ್ರಾಂಶ ಬಳಸುವವರಿಗೆ: ಹೆಸರಿನ ಜಾಗದಲ್ಲಿ ಎರಡು ಖಾನೆಯ ಬದಲು ಒಂದೇ ಖಾನೆ ಮಾಡಿಕೊಳ್ಳುವ ಗುಂಡಿ ಇದೆ. ಕುವೆಂಪು, ಅಂಬಿಕಾತನಯದತ್ತ ಥರದ ಕಾವ್ಯನಾಮಗಳಿಗೆ, ಸಂಸ್ಥೆಗಳಿಗೆ ಅದನ್ನೇ ಬಳಸಿ. ಸ್ವಂತ ಹೆಸರು ಮುಂದಿರುವವರಿಗೆ ‘ಚಿದಾನಂದಮೂರ್ತಿ’ಯನ್ನು ಕೊನೆಯ ಹೆಸರಿನ ಖಾನೆಯಲ್ಲೂ ‘ಎಂ.’ ಅನ್ನು ಮೊದಲ ಹೆಸರಿನ ಖಾನೆಯಲ್ಲೂ ಹಾಕಿದರೆ ವಿಂಗಡಣೆ ಸರಿಬರುತ್ತದೆ. ಶೈಲಿಯ ಭಾಷೆ ಇಂಗ್ಲಿಷ್ ಆಗಿದ್ದರೆ ಇಬ್ಬರು ಲೇಖಕರ ನಡುವೆ ‘ಆಂಡ್’, ಪುಟಕ್ಕೆ ‘ಪಿಪಿ’ ಇಂಗ್ಲಿಷ್ ಅಕ್ಷರದಲ್ಲೇ ಬಂದು ಕೂರುತ್ತವೆ. ಅವನ್ನು ಕೊನೆಯಲ್ಲಿ, ಝೊಟೆರೊ ಕೊಂಡಿ ಕಳಚಿದ ಪ್ರತಿಯಲ್ಲಿ ತಿದ್ದಿ. ಮೊದಲೇ ತಿದ್ದಿದರೆ ಮುಂದಿನ ಸಲ ಹೊಸದಾಗಿ ತುಂಬಿದಾಗ ಎಲ್ಲ ವಾಪಸ್. ಕಳಚುವ ಮೊದಲು ಒಂದು ಪ್ರತಿ ಎತ್ತಿಟ್ಟುಕೊಳ್ಳಿ, ಕಳಚಿದ್ದನ್ನು ಮತ್ತೆ ಜೋಡಿಸಲಾಗದು.

ಶಾಸನಕ್ಕೆ ಅದರಲ್ಲಿ ತಕ್ಕ ಖಾನೆ ಇಲ್ಲ. ಸಂಪುಟವನ್ನು ಒಂದು ಪುಸ್ತಕವಾಗಿ ಸೇರಿಸಿ, ಪುಟ ಹಾಕುವ ಜಾಗದಲ್ಲಿ ‘ಶಿಕಾರಿಪುರ 176’ ಎಂದು ಬರೆದು ಮುಂದುವರಿಯಿರಿ.

ಕೆರೆಯ_ಏರಿ

‘ಅದೇ’, ‘ಪೂರ್ವೋಕ್ತ’ ಇವೆರಡನ್ನು ಯಾರೂ ಮುಟ್ಟಲಿಲ್ಲ.

ವಚನ_ಕಟ್ಟು

ಹಿಂದಿನ ಟಿಪ್ಪಣಿಯಲ್ಲಿ ಒಂದೇ ಕೃತಿ ಇದ್ದು, ಈಗಿನದ್ದೂ ಅದೇ ಕೃತಿಯಾದರೆ ಮಾತ್ರ ‘ಅದೇ’. ಹಿಂದಿನದರಲ್ಲಿ ಎರಡು ಕೃತಿಗಳಿದ್ದರೆ ‘ಅದೇ’ ಯಾವುದಕ್ಕೆ ಅಂಟುತ್ತದೆ? ‘ಪೂರ್ವೋಕ್ತ’ಕ್ಕೆ ಲೇಖಕರ ಹೆಸರು ಜೊತೆಗಿರಬೇಕು, ಆ ಲೇಖಕರ ಎರಡು ಕೃತಿ ಬಳಸಿದ್ದರೆ ಅದೂ ಸಾಲದು.

ಗ್ರಂಥಾಲಯದ_ಮೂಲೆ

ನನ್ನ ಕೇಳಿದರೆ ಎರಡನ್ನೂ ಬಿಡಿ. ಅಧ್ಯಾಯದ ನಡುವೆ ಒಂದು ಹೊಸ ಟಿಪ್ಪಣಿ ತೂರಿಸಿದರೆ ಸಾಕು, ಅದರ ಕೆಳಗಿನ ‘ಅದೇ’ ಬೇರೆ ಪುಸ್ತಕದ ಪಾಲಾಗುತ್ತದೆ. ಮಾರ್ಗದರ್ಶಕರು ತಿದ್ದಿ ಕೊಟ್ಟ ಮೇಲೆ ಇದು ಆಗಿಯೇ ಆಗುತ್ತದೆ. ಶಿಕಾಗೋ ಕೈಪಿಡಿ ಕೂಡ 2017ರ 17ನೆಯ ಆವೃತ್ತಿಯಿಂದ ‘ಐಬಿಡ್’ (ಇಂಗ್ಲಿಷಿನ ‘ಅದೇ’) ಬದಲು ಹ್ರಸ್ವ ರೂಪವನ್ನೇ ಮೇಲು ಅನ್ನುತ್ತದೆ. ಮೊದಲ ಸಲ ಪೂರ್ತಿ, ಆಮೇಲೆ ಲೇಖಕರ ಹೆಸರು, ಶೀರ್ಷಿಕೆಯ ಮೊದಲೆರಡು ಪದ, ಪುಟ.

ವಚನ_ಕಟ್ಟು

ಮೇಡಂ, ಕೆಲವು ವಿಭಾಗಗಳು ‘ಅದೇ’ ಇಲ್ಲದಿದ್ದರೆ ತಿದ್ದಿ ಅಂತ ವಾಪಸ್ ಕಳಿಸುತ್ತವೆ. ಹಾಗಿದ್ದಲ್ಲಿ ಬರೆಯುವಾಗ ಹ್ರಸ್ವ ರೂಪ ಇಟ್ಟುಕೊಂಡು, ಎಲ್ಲ ತಿದ್ದುಪಡಿ ಮುಗಿದ ಮೇಲೆ ಕೊನೆಗೊಮ್ಮೆ ‘ಅದೇ’ ಮಾಡುವುದು ಕ್ಷೇಮ.

ಗ್ರಂಥಾಲಯದ_ಮೂಲೆ

ಹಾಗಾದರೆ ಅಡ್ಡಿಯಿಲ್ಲ.

ನಕಲು_ಪತ್ತೆ

ಇಲ್ಲಿ ಯಾರೂ ಎತ್ತದ ಮಾತು, ಕೃತಿಚೌರ್ಯ ತಪಾಸಣೆ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಹೋಲಿಕೆ 10 ಶೇಕಡದವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40ರವರೆಗೆ ಆದರೆ ಆರು ತಿಂಗಳಿಗೆ ಮೀರದ ಅವಧಿಯೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರತಿ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆಕರ ಹೇಳಿ ಉದ್ಧರಿಸಿದ ಭಾಗ, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಇವು ಲೆಕ್ಕಕ್ಕಿಲ್ಲ. ಸಾಮಾನ್ಯ ತಿಳಿವಳಿಕೆಯ ಮಾತು ಅಥವಾ ಆಕಸ್ಮಿಕ ಹೋಲಿಕೆಗೆ ಸತತ ಹದಿನಾಲ್ಕು ಪದಗಳವರೆಗೆ ವಿನಾಯಿತಿ. ಇಂಗ್ಲಿಷಿನ ಅಳತೆ ಇದು. ಪ್ರತ್ಯಯ, ಸಮಾಸ ಎಲ್ಲ ಅಂಟಿಸಿಕೊಂಡ ಕನ್ನಡದಲ್ಲಿ ಹದಿನಾಲ್ಕು ಪದ ಅಂದರೆ ಎರಡು ವಾಕ್ಯವೇ ಮುಗಿದಿರುತ್ತದೆ, ಆದ್ದರಿಂದ ಅದನ್ನು ನೆಚ್ಚಿಕೊಳ್ಳಬೇಡಿ.

ಯಂತ್ರ ಹೇಳುವುದು ಹೋಲಿಕೆಯನ್ನು ಮಾತ್ರ, ಕಳವನ್ನಲ್ಲ. ಉದ್ಧರಣ ಚಿಹ್ನೆ ಒಂದು ಕಡೆ ತೆರೆದು ಮುಚ್ಚದೆ ಬಿಟ್ಟರೆ, ಪದ್ಯವನ್ನು ಚಿಹ್ನೆ ಇಲ್ಲದೆ ಒಳಸರಿಸಿ ಬರೆದರೆ, ಅದು ಹೋಲಿಕೆಗೆ ಸೇರಬಹುದು. ವರದಿ ಬಂದಾಗ ಒಂದೊಂದು ಬಣ್ಣದ ಗುರುತನ್ನೂ ತೆರೆದು ನೋಡಿ, ಟಿಪ್ಪಣಿ ಇರುವ ಉದ್ಧರಣೆಗಳನ್ನು ಹೊರಗಿಡಲು ಗ್ರಂಥಾಲಯಕ್ಕೆ ಲಿಖಿತವಾಗಿ ಕೇಳಿ.

ನುಡಿ ತಂತ್ರಾಂಶದ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪ್ ಮಾಡಿದ ಪ್ರಬಂಧ ಯಂತ್ರದ ಕಣ್ಣಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ‘ಹೋಲಿಕೆ ಸೊನ್ನೆ’ ಅಂತ ಸಂತೋಷಪಟ್ಟರೆ ಆಮೇಲೆ ತೊಂದರೆ. ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನೂ ಎರಡೆರಡು ಒತ್ತಕ್ಷರ ಇರುವ ಪದಗಳನ್ನೂ ಹುಡುಕಿ ನೋಡಿ, ಕೆಡುವುದು ಅಲ್ಲೇ. ಲೇಖಕರ ಹೆಸರಲ್ಲೇ ಕೆಟ್ಟರೆ ಗ್ರಂಥಋಣದಲ್ಲಿ ಒಬ್ಬರೇ ಇಬ್ಬರಾಗುತ್ತಾರೆ.

ಪದ ಬದಲಿಸಿ ಬರೆದರೆ ಟಿಪ್ಪಣಿ ಬೇಡ ಎಂಬ ನಂಬಿಕೆ ಬಲವಾಗಿದೆ, ತಪ್ಪು. ವಿಚಾರ ಅವರದ್ದಾದರೆ ಟಿಪ್ಪಣಿ ಬೇಕು. ಇಂಗ್ಲಿಷ್ ಪುಸ್ತಕದ ಒಂದು ಪ್ಯಾರಾವನ್ನು ಕನ್ನಡಕ್ಕೆ ತಿರುಗಿಸಿ ನಿಮ್ಮ ಮಾತಾಗಿ ಇಟ್ಟರೆ ಯಂತ್ರ ಹಿಡಿಯದೆ ಇರಬಹುದು, ಪರೀಕ್ಷಕರು ಹಿಡಿಯುತ್ತಾರೆ. ‘ಅನುವಾದ ನನ್ನದು’ ಎಂದು ಬರೆದು ಮೂಲದ ಪುಟ ಕೊಡಿ. ನಿಮ್ಮದೇ ಹಳೆಯ ಲೇಖನದ ಭಾಗ ಸೇರಿಸಿದರೂ ಅದರ ಆಕರ ಹೇಳಬೇಕು.

ಮಾಗಡಿ_ರಸ್ತೆ

ಬೇರೆಯವರ ಪುಸ್ತಕದಲ್ಲಿ ಉದ್ಧರಿಸಿದ ಶಾಸನ ನೋಡಿ ಬರೆದರೆ?

ಶಿಲಾಲಿಪಿ

ಮೊದಲ ಕೆಲಸ ಮೂಲ ನೋಡುವುದು. ಎ.ಕ. ಸಂಪುಟಗಳ ಸ್ಕ್ಯಾನ್ ಪ್ರತಿಗಳು ಜಾಲದಲ್ಲಿ ಸಿಗುವ ಕಾಲದಲ್ಲಿ ನೆಪಕ್ಕೆ ಜಾಗ ಕಡಿಮೆ. ನಿಜಕ್ಕೂ ಸಿಗದಿದ್ದರೆ ಮೂಲದ ವಿವರ ಬರೆದು ‘ಉದ್ಧೃತ’ ಎಂದು ಹಾಕಿ ನೀವು ಓದಿದ ಪುಸ್ತಕ, ಪುಟ ಕೊಡಿ. ಗ್ರಂಥಋಣದಲ್ಲಿ ಬರಬೇಕಾದ್ದು ಓದಿದ ಪುಸ್ತಕ ಮಾತ್ರ. ಬೇರೆಯವರ ಅಡಿಟಿಪ್ಪಣಿಯನ್ನೇ ಎತ್ತಿ ಹಾಕಿಕೊಂಡರೆ ಅವರ ಅಚ್ಚಿನ ತಪ್ಪೂ ಜೊತೆಗೆ ಬರುತ್ತದೆ. 176 ಹೋಗಿ 167 ಆಗಿದ್ದರೆ ನಿಮ್ಮಲ್ಲೂ 167. ಒಂದೇ ತಪ್ಪು ಸಂಖ್ಯೆ ನಾಲ್ಕು ಪ್ರಬಂಧಗಳಲ್ಲಿ ಕಂಡರೆ ಯಾರು ಯಾರನ್ನು ನೋಡಿ ಬರೆದರು ಅಂತ ಹೇಳಲು ಯಂತ್ರ ಬೇಕಿಲ್ಲ.

ಚಾಟ್‌ಬಾಟ್ ಕೊಟ್ಟ ಆಕರಪಟ್ಟಿಗೂ ಇದೇ ಮಾತು, ಇನ್ನೂ ಬಿಗಿಯಾಗಿ. ಲೇಖಕರು ನಿಜ, ಪ್ರಕಾಶಕರು ನಿಜ, ಪುಸ್ತಕವೇ ಇಲ್ಲ ಅನ್ನುವಂಥವು ಬರುತ್ತವೆ. ಗ್ರಂಥಾಲಯದ ಸೂಚಿಯಲ್ಲಿ ಸಿಕ್ಕಿ, ಪುಟ ತೆರೆದು ನೋಡದ ಹೊರತು ಒಂದನ್ನೂ ಒಳಗೆ ಬಿಡಬೇಡಿ.

ಗ್ರಂಥಾಲಯದ_ಮೂಲೆ

ಸ್ಕ್ಯಾನ್ ಪ್ರತಿಗಳ ಬಗ್ಗೆ ಒಂದು ಎಚ್ಚರಿಕೆ. ಪರದೆಯ ಮೇಲಿನ ಪುಟಸಂಖ್ಯೆ ಫೈಲಿನದು. ಹೊದಿಕೆ, ಮುನ್ನುಡಿ, ಖಾಲಿ ಹಾಳೆ ಎಲ್ಲ ಸೇರಿ ಅಚ್ಚಿನ ಪುಟಕ್ಕಿಂತ ಹತ್ತಿಪ್ಪತ್ತು ಮುಂದಿರುತ್ತದೆ. ಬರೆಯಬೇಕಾದ್ದು ಹಾಳೆಯ ಮೇಲೆ ಅಚ್ಚಾದ ಅಂಕಿ. ಹಳೆಯ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಫೈಲುಗಳ ವಿವರದಲ್ಲಿ ಲೇಖಕರ ಹೆಸರು, ವರ್ಷ ತಪ್ಪಿರುವುದು ಮಾಮೂಲು. ಶೀರ್ಷಿಕೆ ಪುಟದ ಚಿತ್ರವನ್ನೇ ನೋಡಿ ಬರೆಯಿರಿ.

ದಿನಪತ್ರಿಕೆಗೆ ದಿನಾಂಕದ ಜೊತೆ ಯಾವ ಊರಿನ ಆವೃತ್ತಿ, ಪುರವಣಿಯಾದರೆ ಅದರ ಹೆಸರು. ಹುಬ್ಬಳ್ಳಿ ಆವೃತ್ತಿಯ 4ನೆಯ ಪುಟದ ಸುದ್ದಿ ಬೆಂಗಳೂರು ಆವೃತ್ತಿಯಲ್ಲಿ ಇಲ್ಲದೆಯೂ ಇರಬಹುದು. ಜಾಲತಾಣದ ಬರಹಕ್ಕೆ ನೋಡಿದ ದಿನಾಂಕ ಹಾಕಿ, ಜಾಲಪುಟಗಳನ್ನು ಕಾಯ್ದಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಆ ಪುಟವನ್ನು ಉಳಿಸಿ ಆ ಕೊಂಡಿಯನ್ನೂ ಕೊಡಿ.

ಓಲೆಗರಿ

ಹಸ್ತಪ್ರತಿಗೆ ನಾಲ್ಕು ಸಂಗತಿ: ಸಂಸ್ಥೆ, ಅದರ ದಾಖಲೆ ಕ್ರಮಾಂಕ, ಕೃತಿ, ಗರಿ. ಸೂಚೀ ಪುಸ್ತಕದ ಕ್ರಮಸಂಖ್ಯೆಯನ್ನು ದಾಖಲೆ ಕ್ರಮಾಂಕ ಅಂದುಕೊಂಡು ಬರೆಯುವುದು ಎಲ್ಲರೂ ಮಾಡುವ ತಪ್ಪು. ಅದನ್ನು ಹೇಳಿ ಕೇಳಿದರೆ ಬೇರೆಯೇ ಕಟ್ಟು ಬರುತ್ತದೆ. ಒಂದು ಕಟ್ಟಿನಲ್ಲಿ ಹಲವು ಕೃತಿಗಳಿರಬಹುದು, ಎಷ್ಟನೆಯದು ಅನ್ನುವುದನ್ನೂ ಹೇಳಿ. ಗರಿಗೆ ಒಂದೇ ಅಂಕಿ, ಬದಿ ಎರಡು. ‘ಗರಿ 12, ಮುಂಬದಿ, ಸಾಲು 4’ ಎಂದು ಬರೆಯಿರಿ. ಅಂಕಿ ಮುರಿದುಹೋಗಿದ್ದರೆ ಎಣಿಸಿ ಹಾಕಿದ ಸಂಖ್ಯೆಯನ್ನು ಚೌಕ ಕಂಸದಲ್ಲಿಡಿ.

ಸಂದರ್ಶನಕ್ಕೆ ವಕ್ತೃವಿನ (ಮಾಹಿತಿ ಕೊಟ್ಟವರ) ಹೆಸರು, ವಯಸ್ಸು, ಊರು, ತಾಲೂಕು, ದಿನಾಂಕ, ಧ್ವನಿಮುದ್ರಿಕೆಯ ಸಂಖ್ಯೆ. ಹೆಸರು ಬಳಸಲು ಒಪ್ಪಿಗೆ ಇಲ್ಲದಿದ್ದರೆ ‘ವಕ್ತೃ 3’ ಎಂದು ಸಂಕೇತ ಕೊಟ್ಟು, ಊರಿನ ಬದಲು ತಾಲೂಕು ಮಾತ್ರ ಬರೆಯಿರಿ. ಚಿಕ್ಕ ಊರಿನಲ್ಲಿ ವಯಸ್ಸು, ಕಸುಬು ಹೇಳಿದರೆ ಸಾಕು, ಯಾರು ಅಂತ ಗೊತ್ತಾಗಿಬಿಡುತ್ತದೆ.

ಕೆರೆಯ_ಏರಿ

ಎಲ್ಲರಿಗೂ ಧನ್ಯವಾದ. ತಿದ್ದಿ ಬರೆದದ್ದು, ಬಿಟ್ಟ ಜಾಗಗಳನ್ನು ಪುಸ್ತಕ ತೆರೆದು ತುಂಬುತ್ತೇನೆ:

1. ಎ.ಕ. 7 (1902), ಶಿಕಾರಿಪುರ 176, ತಾಳಗುಂದ, ಸಾಲು __. ಹೋಲಿಸಿ: ಎ.ಇಂ. 8.
2. ಬಸವಣ್ಣ, ಸ.ವ.ಸಂ. 1, ವಚನ ಸಂಖ್ಯೆ __.
3. ಪಂಪ, ವಿಕ್ರಮಾರ್ಜುನ ವಿಜಯ, ಆಶ್ವಾಸ __, ಪದ್ಯ __ ವ.

ಶಿಲಾಲಿಪಿ

ಒಂದನೆಯದರಲ್ಲಿ ‘ಎ.ಇಂ. 8’ ಆದಮೇಲೆ ಅಲ್ಲಿನ ಲೇಖನದ ಕ್ರಮಸಂಖ್ಯೆ ಮತ್ತು ಪುಟ ಸೇರಿಸಿ, ಆ ಸಂಪುಟ ಲೇಖನಗಳ ಸರಣಿ, ಒಂದೇ ಎಣಿಕೆ, ಅಲ್ಲಿ ಪುಟ ಕೆಲಸಕ್ಕೆ ಬರುತ್ತದೆ. ಮತ್ತೆ, ತಾಳಗುಂದದ್ದು ಸಂಸ್ಕೃತ ಪದ್ಯಗಳ ಶಾಸನ, ಬರೆದವನು ಕುಬ್ಜ ಕವಿ. ಸಾಲಿನ ಜೊತೆ ಪದ್ಯದ ಸಂಖ್ಯೆಯನ್ನೂ ಕೊಡಿ.

ವಚನ_ಕಟ್ಟು

ಮೂರನೆಯದರಲ್ಲಿ ‘ವ.’ ಬೇಕೋ ಬೇಡವೋ ನೋಡಿಕೊಳ್ಳಿ. ನೀವು ಎತ್ತಿದ್ದು ಪದ್ಯವಾದರೆ ಅದು ಬರಬಾರದು. ಎರಡನೆಯದರಲ್ಲಿ ‘ಸಂ.’ ಸಂಪುಟವಾಗಿ ಬಂದಿದೆ. ಸಂಪಾದಕರಿಗೆ ಮೀಸಲಿಟ್ಟಿದ್ದಿರಾದ್ದರಿಂದ ಸಂಕೇತ ಸೂಚಿಯಲ್ಲಿ ‘ಸ.ವ.ಸಂ.’ ಇಡೀ ಒಂದೇ ಸಂಕೇತ ಎಂದು ಬೇರೆ ಸಾಲಿನಲ್ಲಿ ಬಿಡಿಸಿ ಬರೆಯಿರಿ.